ಸಾಹಚರ್ಯವೂ ಕಾರ್ಯಕಾರಣಭಾವವೂ

ಜೀವಕೋಶದೊಳಗಣ ವಂಶವಾಹಿಗಳಲ್ಲಿ ಯಾವುದು ಯಾವುದನ್ನು ನಿಯಂತ್ರಿಸುವುದೆಂಬುದನ್ನು ಗಣಿತದಿಂದ ಅನುಮಾನಿಸುವ ಕ್ರಮಗಳಲ್ಲಿ ‘ಅರಾಕ್ನೆ’ ಎಂಬುದು ಪ್ರಸಿದ್ಧವಾದುದು. ಕ್ಲಾಡ್ ಷಾನನ್ 1948ರಲ್ಲಿ ಸಂದೇಶಗಳ ಸಾಗಣೆಯನ್ನು ಕುರಿತು ರಚಿಸಿದ ಮಾಹಿತಿಸಿದ್ಧಾಂತವೇ ಇದಕ್ಕೆ ಆಧಾರ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಆಂಡ್ರಿಯಾ ಕ್ಯಾಲಿಫಾನೊ ಮೊದಲಾದವರು 2005ರಲ್ಲಿ ಇದನ್ನು ಮಾನವನ ಬಿ-ಜೀವಕೋಶಗಳ 300ಕ್ಕೂ ಮೀರಿದ ಮಾದರಿಗಳಿಗೆ ಅನ್ವಯಿಸಿ, ‘ಮಿಕ್’ ಎಂಬ ವಂಶವಾಹಿಯು ದೊಡ್ಡದೊಂದು ಜಾಲದ ಕೇಂದ್ರವೆಂದು ತೋರಿಸಿದರು. ಹೊಸದಾಗಿ ಊಹಿಸಿದ ಕೆಲವು ಸಂಬಂಧಗಳನ್ನು ಪ್ರಯೋಗದಿಂದಲೂ ದೃಢಪಡಿಸಿದರು. ಈ ಗುಣವನ್ನು ಒಪ್ಪಿಯೇ ಕ್ರಮದ ಮಿತಿಯನ್ನು ವಿಚಾರಿಸಬೇಕಾಗಿದೆ.

ಒಂದು ವಂಶವಾಹಿಯ ಪ್ರಮಾಣವನ್ನು ಅರಿತರೆ ಮತ್ತೊಂದರ ವಿಷಯದಲ್ಲಿ ಸಂದೇಹವು ಎಷ್ಟು ಕುಗ್ಗುವುದೋ ಅಷ್ಟೇ ಅವುಗಳ ಪರಸ್ಪರ ಮಾಹಿತಿ. ಇದು ನೈಯಾಯಿಕರು ಹೇಳುವ ಸಾಹಚರ್ಯಕ್ಕೆ ಸಮೀಪವಾದುದು. ಸರಳರೇಖೆಗೆ ಒಳಪಡದ ಸಂಬಂಧವನ್ನೂ ಹಿಡಿಯುವುದು ಇದರ ಹೆಚ್ಚುಗಾರಿಕೆ. ಆದರೆ ಹೊಗೆಯಿಂದ ಬೆಂಕಿಯನ್ನು ಊಹಿಸಬಹುದಲ್ಲದೆ ಬೆಂಕಿಯಿಂದ ಹೊಗೆಯನ್ನು ನಿಶ್ಚಯಿಸಲಾಗದು. ಪರಸ್ಪರ ಮಾಹಿತಿಯಾದರೋ ಎರಡು ಕಡೆಯಿಂದಲೂ ಒಂದೇ ಸಂಖ್ಯೆ. ಆದುದರಿಂದ ನಿಯಾಮಕವಾವುದು, ನಿಯಮ್ಯವಾವುದು ಎಂಬುದು ಇದೊಂದರಿಂದಲೇ ತಿಳಿಯದು.

ಎರಡನೆಯ ಹೆಜ್ಜೆಯು ಉಪಾಧಿನಿರಾಸಕ್ಕೆ ಸದೃಶವಾದುದು. ಕ, ಖ, ಗ ಎಂಬ ಮೂರೂ ಪರಸ್ಪರ ಸಂಬದ್ಧವಾಗಿ ತೋರಿದಲ್ಲಿ ಅತ್ಯಲ್ಪ ಮಾಹಿತಿಯುಳ್ಳ ಸಂಬಂಧವನ್ನು ಪರೋಕ್ಷವೆಂದು ಕಳೆಯುವರು. ‘ಕ’ವು ‘ಖ’ದ ಮೂಲಕವೇ ‘ಗ’ವನ್ನು ನಡೆಸಿದರೆ, ಕ-ಗಗಳ ಮಾಹಿತಿಯು ಉಳಿದೆರಡರಲ್ಲಿ ಯಾವುದನ್ನೂ ಮೀರಲಾರದೆಂಬ ನಿಯಮವು ನಿರ್ದುಷ್ಟವೇ. ಅದರ ವಿಲೋಮವು ಮಾತ್ರ ಸಿದ್ಧವಲ್ಲ. ಅತ್ಯಲ್ಪವಾದುದೆಲ್ಲ ಪರೋಕ್ಷವೆಂದರೆ ಅತಿಪ್ರಸಂಗವಾಗುವುದು. ‘ಕ’ವು ‘ಖ’ದ ಮೂಲಕವೂ ನೇರವಾಗಿಯೂ ‘ಗ’ವನ್ನು ನಡೆಸುವ ರಚನೆಗಳು ಬ್ಯಾಕ್ಟೀರಿಯಗಳಲ್ಲೇ ಹೇರಳವಾಗಿವೆ, ಅಂತಹಲ್ಲಿ ನಿಜವಾದ ಸಂಬಂಧವೇ ಅಳಿದುಹೋಗಬಹುದು. ಕರ್ತೃಗಳು ಈ ಲೋಪವನ್ನು ಮರೆಮಾಡಿಲ್ಲವೆಂಬುದು ಪ್ರಶಂಸನೀಯ.

ಮೂರನೆಯ ಆಕ್ಷೇಪವು ಗುರುತರವಾದುದು. ಕ, ಖಗಳು ಒಂದನ್ನೊಂದು ಅವಲಂಬಿಸದೆ ಅರ್ಧರ್ಧ ಸಂದರ್ಭಗಳಲ್ಲಿ ಜಾಗೃತವಾಗಿದ್ದು, ಅವುಗಳಲ್ಲಿ ಒಂದೇ ಒಂದು ಜಾಗೃತವಾದಾಗ ಮಾತ್ರ ‘ಗ’ವೂ ಜಾಗೃತವಾಗುವುದೆಂದಿಟ್ಟುಕೊಂಡರೆ, ಕ-ಗಗಳ ಮಾಹಿತಿ 0; ಖ-ಗಗಳದೂ 0. ಎರಡನ್ನೂ ಕೂಡಿಸಿ ಅರಿತರೆ ‘ಗ’ದ ಸ್ಥಿತಿ ಸಂಪೂರ್ಣವಾಗಿ ತಿಳಿಯುವುದು: ಮಾಹಿತಿ 1 ಬಿಟ್. ಬಿಡಿ ಪದಗಳನ್ನಷ್ಟೇ ಅರಿತವನಿಗೆ ವಾಕ್ಯಾರ್ಥವು ದೊರೆಯದಂತೆ, ಜೋಡಿಗಳನ್ನಷ್ಟೇ ನೋಡುವವನಿಗೆ ಈ ಸಹಕಾರವು ಕಾಣದು. 2017ರಲ್ಲಿ ಪ್ರಕಟವಾದ ‘ಪಿಐಡಿಸಿ’ ಕ್ರಮವು ಮೂರುಮೂರನ್ನು ಒಟ್ಟಿಗೆ ಪರೀಕ್ಷಿಸಿ ಈ ದಿಕ್ಕಿನಲ್ಲಿ ಮುಂದುವರಿದಿದೆ. ಕೂಟವು ಹಿಗ್ಗಿದಂತೆಲ್ಲ ಬೇಕಾಗುವ ಮಾದರಿಗಳೂ ಮಿತಿಮೀರಿ ಹೆಚ್ಚುವುವು.

ಹೀಗಿರಲಾಗಿ, ಇಂತಹ ಜಾಲದ ಒಂದೊಂದು ಗೆರೆಯೂ ಪ್ರತಿಜ್ಞೆಯೇ ಹೊರತು ನಿಗಮನವಲ್ಲ. ರೋಗಕಾರಣವನ್ನರಸುವವರು ಈ ಭೇದವನ್ನು ಮರೆತರೆ ನಿರಪರಾಧಿಯಾದ ವಂಶವಾಹಿಯ ಮೇಲೆ ದೋಷಾರೋಪಣೆಯಾಗುವುದು. ಹೇತುವನ್ನು ಒದಗಿಸಬೇಕಾದುದು ಪ್ರಯೋಗಶಾಲೆಯೇ.