ಆ ಹೈದ ಏನಂದ? ಧರ್ಮದ ಕಾದಂಬರಿಗಳಲ್ಲಿ ದಲಿತನ ಪ್ರೀತಿ

೧

ನಮ್ಮ ಕೇರಿಯಲ್ಲಿ ಓದು ಬಲ್ಲವರು ಬೆರಳೆಣಿಕೆಯಷ್ಟು ಮಂದಿ ಇದ್ದ ಕಾಲ. ಅಕ್ಕ ಸ್ಕೂಲಿನಿಂದ ತಂದ ಕಾದಂಬರಿಗಳನ್ನು ರಾತ್ರಿ ಬುಡ್ಡಿ ದೀಪದ ಮುಂದೆ ಅವ್ವನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಅವುಗಳಲ್ಲಿ ರಟ್ಟು ಕಿತ್ತುಹೋದ, ಬರೆದವರ ಹೆಸರೂ ಗೊತ್ತಾಗದ ಒಂದು ಪುಸ್ತಕವಿತ್ತು. ಕಲ್ಯಾಣದ ಕಥೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗುವ ಭಾಗ ಬಂತು. ಮಧುವರಸ ಮಾತಾಡಿದ, ಹರಳಯ್ಯ ಮಾತಾಡಿದ, ಬಸವಣ್ಣನವರು ಮಾತಾಡಿದರು, ಬಿಜ್ಜಳ ಕೂಗಾಡಿದ. ಅವ್ವ ಎಲ್ಲವನ್ನೂ ಕೇಳಿಸಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತಾ ಒಂದೇ ಮಾತು ಕೇಳಿದಳು: "ಅದೆಲ್ಲ ಸರಿ ಕನವ್ವ, ಆ ಹೈದ ಏನಂದ? ಅವುನ್ನ ಯಾರೂ ಕೇಳ್ನೇ ಇಲ್ವಾ?"

ಅಕ್ಕ ಎರಡು ಹಾಳೆ ಹಿಂದೆ ಮುಂದೆ ತಿರುವಿ ಹಾಕಿದಳು. "ಇಲ್ಲ ಕನವ್ವ, ಇದ್ರಲ್ಲಿ ಬರೆದಿಲ್ಲ" ಅಂದಳು. ಆಮೇಲೆ ತನ್ನಷ್ಟಕ್ಕೇ, "ಆ ಹುಡುಗೀನೂ ಕೇಳಿಲ್ಲ" ಅಂದಳು.

ವಿಮರ್ಶೆಯ ಪಾಠವನ್ನು ನಾನು ಆಮೇಲೆ ಕಾಲೇಜಿನಲ್ಲಿ ಕಲಿತೆ. ಪರೀಕ್ಷೆಗೆ ಅದು ಆಯಿತು. ಆದರೆ ಓದಿನುದ್ದಕ್ಕೂ ನನ್ನ ಕೈ ಹಿಡಿದದ್ದು ಬುಡ್ಡಿ ದೀಪದ ಮುಂದೆ ಹುಟ್ಟಿದ ಈ ಎರಡು ಪ್ರಶ್ನೆಗಳೇ.

ಈಗ ಇದನ್ನು ಯಾಕೆ ಎತ್ತುತ್ತಿದ್ದೇನೆಂದರೆ, ಧರ್ಮ, ಪ್ರೇಮ, ಇತಿಹಾಸ ಮೂರನ್ನೂ ಬೆರೆಸಿದ ಕಾದಂಬರಿಗಳನ್ನು ನಮ್ಮ ಸಂಘಟನೆಯ ಗೆಳೆಯರು ಓದುವುದೇ ಇಲ್ಲ. "ಅವೆಲ್ಲ ಭಕ್ತಿ ಪುಸ್ತಕ, ಹೊತ್ತು ಕಳೆಯೋಕೆ ಓದೋವು" ಅಂತ ಬದಿಗಿಡುತ್ತಾರೆ. ಆದರೆ ನಮ್ಮ ಅಕ್ಕಂದಿರು, ಹಾಸ್ಟೆಲಿನ ಹುಡುಗರು ಅವನ್ನೇ ಓದಿ ಅಳುತ್ತಾರೆ. ಜನ ಅಳುವ ಜಾಗದಲ್ಲಿ ವಿಮರ್ಶಕ ಇಲ್ಲದಿದ್ದರೆ ಅಲ್ಲಿ ಪುರೋಹಿತ ಬಂದು ಕೂರುತ್ತಾನೆ.

೨

ಕಲ್ಯಾಣದಿಂದಲೇ ಶುರು ಮಾಡೋಣ. ೧೨ನೇ ಶತಮಾನದ ಈ ಮದುವೆಯ ಕಥೆ ನಮಗೆ ದಕ್ಕಿರುವುದು ಮುಖ್ಯವಾಗಿ ಆನಂತರದ ವೀರಶೈವ ಕಾವ್ಯ ಪುರಾಣಗಳಿಂದ, ಜನರ ಬಾಯಿಮಾತಿನಿಂದ. ಮದುವೆಗೆ ಒಪ್ಪಿದ ತಪ್ಪಿಗೆ ಹರಳಯ್ಯ, ಮಧುವರಸ ಇಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು, ಅಲ್ಲಿಗೆ ಕಲ್ಯಾಣ ಹೊತ್ತಿಕೊಂಡಿತು ಎಂಬುದು ಕಥೆಯ ಮುಖ್ಯ ತಿರುವು. ಹೊಸಗನ್ನಡದ ಲೇಖಕರು ಮತ್ತೆ ಮತ್ತೆ ಇದರ ಬಳಿಗೆ ಹೋಗಿದ್ದಾರೆ. ಬಿ. ಪುಟ್ಟಸ್ವಾಮಯ್ಯನವರು ಒಂದು ಕಾದಂಬರಿ ಮಾಲೆಯನ್ನೇ ಬರೆದರು. ಅವರ 'ಕ್ರಾಂತಿಕಲ್ಯಾಣ'ಕ್ಕೆ ೧೯೬೪ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶಿವಪ್ರಕಾಶರ 'ಮಹಾಚೈತ್ರ', ಕಾರ್ನಾಡರ 'ತಲೆದಂಡ' ನಾಟಕಗಳೂ ಇದೇ ನೆಲದಲ್ಲಿ ನಿಂತವು.

ಇಲ್ಲಿ ನನಗಿರುವ ತಕರಾರು ಯಾವುದೋ ಒಂದು ಕೃತಿಯ ಮೇಲಲ್ಲ, ಕಥೆಯನ್ನು ಕಟ್ಟಿಕೊಂಡು ಬಂದಿರುವ ಕ್ರಮದ ಮೇಲೆ. ಮಧುವರಸನಿಗೆ ಒಳತೋಟಿ ಇರುತ್ತದೆ. ಅವನು ಬಿಟ್ಟು ಬರಬೇಕಾದ ಜಾತಿಯಿದೆ, ಅರಮನೆಯ ಸ್ಥಾನವಿದೆ. ಹಾಗಾಗಿ ಅವನು ಅನುಮಾನಿಸುತ್ತಾನೆ, ತೊಳಲಾಡುತ್ತಾನೆ, ಕೊನೆಗೆ ತೀರ್ಮಾನಿಸುತ್ತಾನೆ. ಹರಳಯ್ಯನಿಗೆ ಇರುವುದು ಭಕ್ತಿ. ಬಸವಣ್ಣನವರು ಅವನ ಒಂದು ಶರಣಿಗೆ ಎರಡು ಸಲ ಶರಣು ಅಂದದ್ದಕ್ಕೆ ಗಂಡಹೆಂಡಿರಿಬ್ಬರೂ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿಕೊಟ್ಟರಂತೆ. ಈ ಕಥೆ ಕೇಳಿದಾಗ ನನಗೂ ಗಂಟಲು ಕಟ್ಟುತ್ತದೆ. ಆದರೆ ಕಣ್ಣು ಒರೆಸಿಕೊಂಡು ನೋಡಿ: ಮೇಲಿನವನು ತನ್ನ ನಂಬಿಕೆಯನ್ನು ಮನಸ್ಸಿನಲ್ಲಿ ತೂಗಿ ತೋರಿಸಿದರೆ ಸಾಕು. ಕೆಳಗಿನವನು ಅದನ್ನು ಚರ್ಮದಲ್ಲಿ ತೋರಿಸಬೇಕು. ಇನ್ನು ಮದುಮಗನಾದ ಆ ಹೈದನಿಗೆ ಎರಡೂ ಇಲ್ಲ. ಅವನು ಕ್ರಾಂತಿಗೆ ಒಂದು ಪುರಾವೆ, ಅಷ್ಟೆ.

ಇದನ್ನು ಮೊದಲು ಕೆಣಕಿದವರಲ್ಲಿ ಲಂಕೇಶರು ಒಬ್ಬರು. ಅವರ 'ಸಂಕ್ರಾಂತಿ' ನಾಟಕದಲ್ಲಿ ಉಜ್ಜ ಎಂಬ ಹೊಲೆಯರ ಮುದುಕ ಹೊಸ ಧರ್ಮಕ್ಕೆ ಸುಲಭವಾಗಿ ತಲೆಯಾಡಿಸುವುದಿಲ್ಲ. ಮಗ ರುದ್ರ ಬಿಜ್ಜಳನ ಮಗಳು ಉಷೆಯನ್ನು ಪ್ರೀತಿಸುತ್ತಾನೆ, ಶರಣನೂ ಆಗುತ್ತಾನೆ. ಶರಣನಾದ ಮೇಲೆ ಅವಳು ಮೆಚ್ಚಿದ ಆ ಹಳೆಯ ರುದ್ರ ಎಲ್ಲಿ ಹೋದ ಎಂಬ ಪ್ರಶ್ನೆ ಏಳುತ್ತದೆ. ಧರ್ಮ ಬದಲಾದರೆ ಪ್ರೀತಿಗೆ ಏನಾಗುತ್ತದೆ, ಮೈಗೆ ಏನಾಗುತ್ತದೆ? ಐತಿಹಾಸಿಕ ಕಾದಂಬರಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಒಂದು ನಾಟಕ ಕೇಳಿತು.

೩

ಇನ್ನೊಂದು ದಿಕ್ಕಿನಿಂದ ನೋಡೋಣ. ಮಿಷನರಿಗಳು ಓಡಾಡಿದ ಪಡುವಣ ಕರಾವಳಿಯಲ್ಲಿ ೧೯ನೇ ಶತಮಾನದ ಕೊನೆಗೆ ಕಾದಂಬರಿ ಹುಟ್ಟಿದ್ದೇ ಧರ್ಮದ ಜಗಳದ ನಡುವೆ. ಕಣ್ಣೂರಿನ ವಕೀಲ ಪೊತ್ತೇರಿ ಕುಞಂಬು ೧೮೯೨ರಲ್ಲಿ 'ಸರಸ್ವತೀವಿಜಯಂ' ಎಂಬ ಮಲಯಾಳಂ ಕಾದಂಬರಿ ಬರೆದ. ಅವನು ತೀಯ ಜಾತಿಯವನು, ಪುಲಯರ ಮಕ್ಕಳಿಗೆ ಶಾಲೆ ನಡೆಸಿದವನು. ಕಥೆ ಇಷ್ಟು. ಮರತ್ತನ್ ಎಂಬ ಪುಲಯ ಹುಡುಗ ಹಾಡುತ್ತಿರುತ್ತಾನೆ. ಆ ಹಾಡು ನಂಬೂದಿರಿ ಜಮೀನ್ದಾರನ ಕಿವಿಗೆ ಬಿತ್ತೆಂದು ಅವನಿಗೆ ಏಟು ಬೀಳುತ್ತದೆ. ಸತ್ತನೆಂದೇ ಎಲ್ಲರೂ ತಿಳಿಯುತ್ತಾರೆ. ಹುಡುಗ ಕ್ರೈಸ್ತನಾಗಿ, ಓದಿ, ಜಡ್ಜಿಯಾಗುತ್ತಾನೆ. ಅವನನ್ನು ಕೊಂದ ಆರೋಪದ ಮೇಲೆ ಮುದುಕ ನಂಬೂದಿರಿ ಅವನೆದುರೇ ಕಟಕಟೆಯಲ್ಲಿ ನಿಲ್ಲುತ್ತಾನೆ! ನಂಬೂದಿರಿಯ ಮಗಳು ಜಾತಿಯಿಂದ ಹೊರಗೆ ಹಾಕಿಸಿಕೊಂಡು ಕ್ರೈಸ್ತಳಾದವಳು. ಅವಳ ಮಗಳು ಸರಸ್ವತಿಯನ್ನು ಈ ಜಡ್ಜಿ ಮದುವೆಯಾಗುತ್ತಾನೆ.

ಹಾಸ್ಟೆಲಿನಲ್ಲಿ ಈ ಕಥೆ ಹೇಳಿದರೆ ಹುಡುಗರು ಶಿಳ್ಳೆ ಹೊಡೆಯುತ್ತಾರೆ. ಹೊಡೆಯಲಿ. ಒದೆ ತಿಂದವನು ನ್ಯಾಯಪೀಠದಲ್ಲಿ ಕೂರುವ ಕನಸನ್ನು ೧೮೯೨ರಲ್ಲೇ ಕಂಡವನಿಗೆ ನಾವು ಋಣಿಗಳು. ಆದರೂ ಅವ್ವನ ಪ್ರಶ್ನೆ ಬಿಡುವುದಿಲ್ಲ. ಒದೆಗೂ ಪೀಠಕ್ಕೂ ನಡುವಿನ ವರ್ಷಗಳಲ್ಲಿ ಆ ಹೈದ ಏನಂದುಕೊಂಡ? ತನ್ನ ದೈವಗಳನ್ನು, ತನ್ನ ಹಾಡನ್ನು ಬಿಡುವಾಗ ಅವನಿಗೆ ಏನೂ ಅನ್ನಿಸಲಿಲ್ಲವೇ? ಜಡ್ಜಿಯೇ ಮರತ್ತನ್ ಎಂಬುದು ಕಥೆಯ ಗುಟ್ಟು. ಗುಟ್ಟು ಉಳಿಯಬೇಕಾದರೆ ಅವನ ಮನಸ್ಸು ಮುಚ್ಚಿರಬೇಕು. ಹಾಗಾಗಿ ಮತ ಬದಲಿಸುವ ಸಂಕಟ ತೆರೆಯ ಹಿಂದೆಯೇ ಮುಗಿದುಹೋಗುತ್ತದೆ, ಪ್ರೀತಿ ಕೊನೆಗೆ ಬಹುಮಾನದಂತೆ ಬರುತ್ತದೆ.

ಇದರ ಜೊತೆಗೆ ನಮ್ಮ 'ಇಂದಿರಾಬಾಯಿ'ಯನ್ನು ಇಟ್ಟು ನೋಡಿ. ಗುಲ್ವಾಡಿ ವೆಂಕಟರಾಯರ ಈ ಕಾದಂಬರಿ ೧೮೯೯ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಬಂತು. ಅದರ ಇನ್ನೊಂದು ಹೆಸರೇ 'ಸದ್ಧರ್ಮ ವಿಜಯ'. ಇಲ್ಲಿ ಮೇಲ್ಜಾತಿಯ ಎಳೆಯ ವಿಧವೆ ಡಾಂಭಿಕ ಸಂತರನ್ನು ಅನುಮಾನಿಸುತ್ತಾಳೆ, ಮನೆ ಬಿಟ್ಟು ಹೊರಡುತ್ತಾಳೆ, ಓದುತ್ತಾಳೆ, ಮೆಚ್ಚಿದವನನ್ನು ಮದುವೆಯಾಗುತ್ತಾಳೆ. ಅನುಮಾನ ಮತ್ತು ಪ್ರೀತಿ ಎರಡೂ ಅವಳಿಗೆ ದಕ್ಕುತ್ತವೆ. ಅವಳದ್ದು ದೊಡ್ಡ ಗೆಲುವು, ಅದನ್ನು ನಾನು ಕಮ್ಮಿ ಮಾಡುತ್ತಿಲ್ಲ. ಅದೇ ದಶಕದಲ್ಲಿ ಅದೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದಿದ್ದರು. ಆ ಶಾಲೆಯ ಹುಡುಗಿಗೆ ಕಾದಂಬರಿಯ ನಾಯಕಿಯಾಗುವ ಸರದಿ ಮಾತ್ರ ಬರಲಿಲ್ಲ.

ಕಾರಂತರ 'ಚೋಮನ ದುಡಿ' (೧೯೩೩) ಇಲ್ಲಿ ಒಂದು ಹೆಜ್ಜೆ ಮುಂದಿದೆ. ನೆಲಕ್ಕಾಗಿ ಮತ ಬದಲಿಸಲು ಹೊರಟ ಚೋಮನನ್ನು ಪಂಜುರ್ಲಿ ದೈವದ ಭಯ ಹಿಂದಕ್ಕೆ ಎಳೆಯುತ್ತದೆ. ಅಂದರೆ ದಲಿತನೊಬ್ಬನ ಮನಸ್ಸಿನೊಳಗೆ ಎರಡು ನಂಬಿಕೆಗಳು ಗುದ್ದಾಡುವುದನ್ನು ಕನ್ನಡ ಕಾದಂಬರಿ ಬರೆಯಿತು. ಆದರೆ ಅವನ ಮಗ ಗುರುವ ಕಾಫಿ ತೋಟದಲ್ಲಿ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಆ ಮತಕ್ಕೇ ಸೇರುತ್ತಾನಲ್ಲ, ಅದು ನಮಗೆ ಅಪ್ಪನ ದುಃಖದ ಮೂಲಕ ತಲುಪುವ ಸುದ್ದಿ. ಹೆದರಿ ಹಿಂದಿರುಗಿದವನಿಗೆ ಪುಟಗಳಿವೆ. ಪ್ರೀತಿಸಿ ಮುಂದೆ ಹೋದವನಿಗೆ ಇಲ್ಲ. ಗುರುವನ ಕಡೆಯಿಂದ ಬರೆದ 'ಚೋಮನ ದುಡಿ' ಹೇಗಿರುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

೪

"ಕಾದಂಬರಿಯಲ್ಲಿ ಪುಟ ಸಿಗದಿದ್ದರೆ ಏನೀಗ?" ಎಂದು ಕಾರ್ಯಕರ್ತ ಗೆಳೆಯರು ಕೇಳಬಹುದು. ಏನಾಗುತ್ತದೆ ಎಂದು ಕಾನೂನನ್ನು ನೋಡಿ ಹೇಳುತ್ತೇನೆ. ೨೦೨೨ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರದ ಕಾಯ್ದೆ, ಕಾನೂನು ಮೀರಿ ಮತಾಂತರ ಮಾಡಿಸಿದವರಿಗೆ ಹೆಚ್ಚಿನ ಶಿಕ್ಷೆ ಗೊತ್ತುಮಾಡುವಾಗ ಅಪ್ರಾಪ್ತರು, ಬುದ್ಧಿ ಸ್ಥಿಮಿತದಲ್ಲಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು ಎಲ್ಲರನ್ನೂ ಒಂದೇ ಸಾಲಿಗೆ ಸೇರಿಸಿತು. ೨೦೨೩ರಲ್ಲಿ ಬೇರೆ ಸರ್ಕಾರದ ಸಚಿವ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು ಅನ್ನುವುದು ಬೇರೆ ಮಾತು. ಆ ಸಾಲನ್ನು ಬರೆದ ಮನಸ್ಸು ಎಲ್ಲಿಂದ ಬಂತು? ಇವರು ತಾವಾಗಿಯೇ ಯೋಚಿಸಿ ನಂಬುವವರಲ್ಲ, ಯಾರೋ ನಂಬಿಸಿದರೆ ನಂಬುವವರು ಎಂಬ ತಿಳುವಳಿಕೆಯಿಂದ. ಆ ತಿಳುವಳಿಕೆಯನ್ನು ಕಾದಂಬರಿಗಳು ಹುಟ್ಟಿಸಿದವು ಅನ್ನುವುದಿಲ್ಲ. ಕಣ್ಣೀರು ಬೆರೆಸಿ ಅದನ್ನು ಪೋಷಿಸಿದ್ದಂತೂ ಹೌದು. ಜಾತಿ ಮೀರಿ ಮದುವೆಯಾದ ಹುಡುಗನ ಹೆಣ ಬಿದ್ದಾಗಲೂ ಊರು "ಯಾರೋ ತಲೆ ಕೆಡಿಸಿದ್ರು" ಅನ್ನುತ್ತದೆಯೇ ಹೊರತು, ಅವರಿಬ್ಬರೂ ಯೋಚಿಸಿ ತೀರ್ಮಾನಿಸಿದ್ದರು ಅನ್ನುವುದಿಲ್ಲ.

ನಿಜವಾದ ಇತಿಹಾಸ ಬೇರೆಯೇ ಇದೆ. ಬಾಬಾಸಾಹೇಬರು ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲಾದಲ್ಲಿ ಸಾರಿದ್ದು ೧೯೩೫ರಲ್ಲಿ. ನಾಗಪುರದಲ್ಲಿ ಬೌದ್ಧರಾದದ್ದು ೧೯೫೬ರ ಅಕ್ಟೋಬರ್ ೧೪ರಂದು. ನಡುವೆ ೨೧ ವರ್ಷ. ಓದಿದರು, ಬೇರೆ ಬೇರೆ ಧರ್ಮಗಳನ್ನು ತೂಗಿ ನೋಡಿದರು, ಜನರ ಮುಂದೆ ವಾದ ಮಂಡಿಸಿದರು. ೨೧ ವರ್ಷ ಅನುಮಾನಿಸಿ ಒಂದು ನಂಬಿಕೆಗೆ ಬಂದ ಮನುಷ್ಯ ನಮ್ಮವನು! ಅನುಮಾನವೇ ನಮ್ಮ ಧರ್ಮದ ಕಥೆಯ ಜೀವ. ಅದನ್ನು ಬಿಟ್ಟು ಬರೀ ಶರಣಾಗತಿಯನ್ನು ಬರೆದರೆ ಅದು ನಮ್ಮ ಕಥೆಯಾಗುವುದಿಲ್ಲ.

ನಮ್ಮ ತಪ್ಪನ್ನೂ ಹೇಳಬೇಕು. ಬಂಡಾಯದ ಉತ್ಸಾಹದಲ್ಲಿ ನಾವೂ ದಲಿತ ಪಾತ್ರಗಳನ್ನು ಪುರಾವೆ ಮಾಡಿಕೊಂಡೆವು. ಅವರು ಭಕ್ತಿಗೆ ಪುರಾವೆ ಮಾಡಿದರು, ನಾವು ಶೋಷಣೆಗೆ. ನಮ್ಮ ಎಷ್ಟೋ ಕಥೆಗಳಲ್ಲಿ ಹುಡುಗ ಸಾಯುತ್ತಾನೆ, ಘೋಷಣೆ ಮೊಳಗುತ್ತದೆ. ಅವನು ಪ್ರೀತಿಸಿದ್ದು ಯಾಕೆ, ಮಾರಮ್ಮನಿಗೆ ಕೈ ಮುಗಿಯುತ್ತಿದ್ದನೋ ಇಲ್ಲವೋ ನಮಗೆ ಬೇಕಾಗಲಿಲ್ಲ. ದೇವನೂರರ 'ಕುಸುಮಬಾಲೆ' (೧೯೮೪) ಇದನ್ನು ಮುರಿಯಿತು. ಅಲ್ಲೂ ದಲಿತ ಹುಡುಗ ಚನ್ನ ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿ ಕೊಲೆಯಾಗುತ್ತಾನೆ. ಆದರೆ ಆ ಸಾವನ್ನು ಒಂದು ಇಡೀ ಲೋಕ ಸುತ್ತುವರಿದಿದೆ. ದೀಪದ ಜೋತಮ್ಮಗಳು ರಾತ್ರಿ ಸೇರಿ ಮಾತಾಡಿಕೊಳ್ಳುವ ಆ ಲೋಕದಲ್ಲಿ ನಂಬಿಕೆ ಯಾರೋ ಮೇಲಿನಿಂದ ಕೊಟ್ಟ ದೀಕ್ಷೆಯಲ್ಲ, ಕೇರಿಯ ಜನ ತಮ್ಮ ನಾಲಗೆಯಲ್ಲಿ ಕಾಪಾಡಿಕೊಂಡ ತಿಳುವಳಿಕೆ.

ಆದ್ದರಿಂದ ಅಧ್ಯಯನ ಶಿಬಿರಗಳಲ್ಲಿ ಈ ಧರ್ಮದ ಪ್ರೇಮಕಥೆಗಳನ್ನು ಓದೋಣ ಎಂಬುದು ನನ್ನ ಕೋರಿಕೆ. ಮೊದಲು ಅಳು ಬಂದರೆ ಅಳೋಣ. ಆಮೇಲೆ ಪುಸ್ತಕವನ್ನು ಮತ್ತೆ ಮೊದಲಿನಿಂದ ತಿರುವಿ, ಇದರಲ್ಲಿ ಅನುಮಾನಪಡುವ ಹಕ್ಕು ಯಾರಿಗಿದೆ, ಆ ಹೈದ ಏನಂದ, ಆ ಹುಡುಗಿ ಏನಂದಳು ಎಂದು ಹುಡುಕೋಣ. ಉತ್ತರ ಸಿಗದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿಡೋಣ. ನಮ್ಮಲ್ಲಿ ಬರೆಯುವವರಿದ್ದಾರೆ, ಅಲ್ಲಿಂದ ಶುರು ಮಾಡಲಿ.

ಅವ್ವ ಈಗಿಲ್ಲ. ಅಕ್ಕನ ಮಗಳು ಕಾಲೇಜಿಗೆ ಹೋಗುತ್ತಾಳೆ. ಹೋದ ವಾರ ಅವಳ ಕೈಯಲ್ಲಿ ಕಲ್ಯಾಣದ ಇನ್ನೊಂದು ಕಾದಂಬರಿ ಕಂಡೆ. ಮದುವೆಯ ಅಧ್ಯಾಯದ ಬದಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಯಾರು ಹೇಳಿಕೊಟ್ಟರು ಎಂದು ನಾನು ಕೇಳಲಿಲ್ಲ.