ವ್ಯೋಮ, ಶೂನ್ಯ, ಸಂಪಾದನೆ: ಒಂದು ರಾಕ್ ಆಲ್ಬಮ್ಮನ್ನು ಕುರಿತು

ಮಧ್ಯಕಾಲೀನ ಕನ್ನಡ ಸಾಹಿತ್ಯವನ್ನು ಪಾಠ ಹೇಳುವವನು ರಾಕ್ ಸಂಗೀತದ ಆಲ್ಬಮ್ಮೊಂದನ್ನು ಕುರಿತು ಬರೆಯಹೊರಟಾಗ ಕಾರಣ ಹೇಳಬೇಕಾಗುತ್ತದೆ. ಲಂಡನ್ನಿನ ‘ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್’ ತಂಡದ ‘ದಿ ರೇಸ್ ಫಾರ್ ಸ್ಪೇಸ್’ (2015) ಕೃತಿಯನ್ನು ನಾನು ಮೊದಲು ಕೇಳಿದ್ದು ಕೊಚ್ಚಿಯಲ್ಲಿ, ಸಂಶೋಧಕ ಮಿತ್ರರೊಬ್ಬರ ಮನೆಯಲ್ಲಿ. ಅದಾದ ಎರಡು ದಿನಕ್ಕೆ ತಿರುವನಂತಪುರದ ಬಳಿಯ ತುಂಬಾ ಗ್ರಾಮದಲ್ಲಿ, ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯವಾಗಿರುವ ಸಂತ ಮೇರಿ ಮಗ್ದಲೀನಾ ಚರ್ಚಿನೊಳಗೆ ನಿಂತಿದ್ದಾಗ, ನನ್ನ ಮೆಚ್ಚುಗೆಯ ಜೊತೆಗೆ ಒಂದು ತಕರಾರೂ ಸೇರಿಕೊಂಡಿತು. ಪ್ರಸ್ತುತ ಬರಹ ಅವೆರಡನ್ನೂ ಕುರಿತದ್ದು.

ಒಂದೇ ವಸ್ತುವಿನ ಸುತ್ತ ಇಡೀ ಆಲ್ಬಮ್ಮನ್ನು ಹೆಣೆಯುವ ಕ್ರಮ ರಾಕ್ ಪರಂಪರೆಗೆ ಹೊಸದಲ್ಲ. ಕೆನಡಾದ ರಶ್ ತಂಡದ ‘2112’ (1976) ವ್ಯೋಮವನ್ನು ಕಲ್ಪಿತ ಕಥೆಯೊಂದರ ರಂಗಭೂಮಿಯಾಗಿಸಿಕೊಂಡಿತು. ಲಂಡನ್ನಿನ ತಂಡದ್ದು ಬೇರೆ ಹಾದಿ. 1957ರ ಸ್ಪುಟ್ನಿಕ್‌ನಿಂದ 1972ರ ಅಪೊಲೊ 17ರವರೆಗಿನ ಸುದ್ದಿಚಿತ್ರ, ಭಾಷಣ, ರೇಡಿಯೊ ಸಂಭಾಷಣೆಗಳ ಹಳೆಯ ಧ್ವನಿಮುದ್ರಣಗಳನ್ನು ಆಯ್ದು, ಅವನ್ನು ಒಂಬತ್ತು ಭಾಗಗಳಲ್ಲಿ ಗಿಟಾರು, ಡ್ರಮ್ಮು, ವಿದ್ಯುನ್ಮಾನ ವಾದ್ಯಗಳ ನಡುವೆ ಜೋಡಿಸಲಾಗಿದೆ. ಅನ್ಯರ ಮಾತನ್ನು ಆಯ್ದು ಕ್ರಮಪಡಿಸುವುದೇ ಇಲ್ಲಿನ ಕರ್ತೃತ್ವ. ಇದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ: ಸಂಪಾದನೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಬಿಡಿ ವಚನಗಳನ್ನು ಅಲ್ಲಮನ ಸುತ್ತ ಸಂವಾದವಾಗಿ ಕಟ್ಟಿ, ನಡುನಡುವೆ ಗದ್ಯದ ಕೊಂಡಿಗಳನ್ನಿಟ್ಟಾಗ ‘ಶೂನ್ಯಸಂಪಾದನೆ’ ಹುಟ್ಟಿತು. ಆಲ್ಬಮ್ಮಿನಲ್ಲಿ ಆ ಕೊಂಡಿಯ ಕೆಲಸವನ್ನು ವಾದ್ಯಗಳು ಮಾಡುತ್ತವೆ.

ಸಂಪಾದಕನ ಕ್ರಮ ಚರಿತ್ರೆಯ ಕ್ರಮವಲ್ಲ ಎಂಬುದು ಎರಡೂ ಕಡೆ ಗಮನಾರ್ಹ. 1967ರ ಜನವರಿಯಲ್ಲಿ ಅಪೊಲೊ 1ರ ಮೂವರನ್ನು ಬಲಿತೆಗೆದುಕೊಂಡ ಬೆಂಕಿ ಇಲ್ಲಿ 1965ರ ಲಿಯೊನೊವ್‌ರ ವ್ಯೋಮನಡಿಗೆಗಿಂತ ಮೊದಲೇ ಬರುತ್ತದೆ. ಸಾವಿನ ನಂತರ ಬರುವ ಆ ನಡಿಗೆಗೆ ಬೇರೆಯದೇ ತೂಕ ದಕ್ಕುತ್ತದೆ. ಕೃತಿಯ ಶಿಖರ ಆರನೆಯ ಭಾಗವಾದ ‘ದಿ ಅದರ್ ಸೈಡ್’. 1968ರ ಡಿಸೆಂಬರಿನಲ್ಲಿ ಅಪೊಲೊ 8 ಚಂದ್ರನ ಹಿಂಬದಿಗೆ ಸರಿದಾಗ ಭೂಮಿಯೊಡನೆ ಸಂಪರ್ಕ ಕಡಿಯಿತು. ಆ ಕ್ಷಣದಲ್ಲಿ ಸಂಗೀತವೂ ಕರಗಿ ಬಹುತೇಕ ಇಲ್ಲವಾಗುತ್ತದೆ. ಕೇಳುಗನು ನಿಯಂತ್ರಣ ಕೊಠಡಿಯವರೊಡನೆ ಕಾಯಬೇಕು. ಸಂಕೇತ ಮರಳಿದಾಗ ವಾದ್ಯಗಳೆಲ್ಲ ಒಟ್ಟಿಗೆ ಏಳುತ್ತವೆ. ಕೊಚ್ಚಿಯ ಆ ಕೋಣೆಯಲ್ಲಿ ನಾನೂ ಉಸಿರು ಬಿಗಿಹಿಡಿದಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಶೂನ್ಯವೆಂದರೆ ಬರಿದಲ್ಲ, ಮಾತಿನ ಮೇರೆ ಎಂಬ ಅರಿವಿಗೆ ಈ ಕೆಲವು ಕ್ಷಣಗಳು ಬಹಳ ಹತ್ತಿರ ಬರುತ್ತವೆ.

ಆದರೆ ‘ಶೂನ್ಯಸಂಪಾದನೆ’ಯ ಜೀವಾಳ ವಾಗ್ವಾದ. ಮುಕ್ತಾಯಕ್ಕ, ಸಿದ್ಧರಾಮ ಮೊದಲಾದವರು ಅಲ್ಲಮನಿಗೆ ಎದುರುತ್ತರ ಕೊಡುತ್ತಾರೆ. ಅನುಭವಮಂಟಪಕ್ಕೆ ಬಂದ ಅಕ್ಕಮಹಾದೇವಿ ತನ್ನನ್ನು ಪರೀಕ್ಷಿಸುವವರ ಪ್ರಶ್ನೆಯನ್ನೇ ತಿರುಗಿಸಿ ನಿಲ್ಲಿಸುತ್ತಾಳೆ. ಆಲ್ಬಮ್ಮಿನಲ್ಲಿ ಎರಡು ಪಕ್ಷಗಳಿವೆ, ಅವು ಪರಸ್ಪರ ಮಾತನಾಡುವುದಿಲ್ಲ. ಸೋವಿಯತ್ ಸಾಹಸಗಳು ಕೂಡ ಬಹುಮಟ್ಟಿಗೆ ಇಂಗ್ಲಿಷ್ ವ್ಯಾಖ್ಯಾನಕಾರರ ಬಾಯಿಂದಲೇ ಬರುತ್ತವೆ. 1963ರ ಜೂನಿನಲ್ಲಿ ವ್ಯೋಮಕ್ಕೇರಿದ ಮೊದಲ ಮಹಿಳೆ ವ್ಯಾಲೆಂಟಿನಾ ತೆರೆಶ್ಕೋವಾ ಅವರನ್ನು ಕಾಲಕ್ರಮ ತಪ್ಪಿಸಿ ಅಪೊಲೊ 8 ಮತ್ತು 11ರ ನಡುವೆ ಇಡಲಾಗಿದೆ. ಆ ಭಾಗದಲ್ಲಿ ‘ಸ್ಮೋಕ್ ಫೇರೀಸ್’ ಜೋಡಿಯ ಇಂಪಾದ ಗಾಯನವಿದೆ, ಅವರ ಸ್ವಂತ ಮಾತಿಲ್ಲ. ಎರಡು ಅಬ್ಬರಗಳ ನಡುವಣ ವಿಶ್ರಾಂತಿಯ ಸ್ಥಾನ ಅವರಿಗೆ ದಕ್ಕಿದೆ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ‘ಪಂದ್ಯ’ ಎಂಬ ಚೌಕಟ್ಟನ್ನು ಒಪ್ಪಿಕೊಂಡ ಕೂಡಲೇ ಗೆದ್ದವರ ಧ್ವನಿಮುದ್ರಣಗಳೇ ಪಠ್ಯವಾಗುತ್ತವೆ.

ತುಂಬಾದಲ್ಲಿ ಹೊಳೆದದ್ದು ಇದೇ. (ಮಲಯಾಳಂನ ತುಂಬ ನಮ್ಮ ತುಂಬೆ ಗಿಡವೇ.) ಭೂಕಾಂತೀಯ ಸಮಭಾಜಕ ವೃತ್ತಕ್ಕೆ ಹತ್ತಿರವೆಂಬ ಕಾರಣಕ್ಕೆ ಆಯ್ದ ಈ ಕಡಲತಡಿಯಿಂದ 1963ರ ನವೆಂಬರ್ 21ರ ಸಂಜೆ ಭಾರತದ ನೆಲದ ಮೊದಲ ಸಂಶೋಧನಾ ರಾಕೆಟ್ ಏರಿತು. ರಾಕೆಟ್ ಅಮೆರಿಕದ ನೈಕ್-ಅಪಾಚೆ, ಅದರೊಳಗಿನ ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದು. ಈ ಉಡಾವಣಾ ಕೇಂದ್ರಕ್ಕೆ ಹೆಲಿಕಾಪ್ಟರ್ ಕೊಟ್ಟದ್ದು ಸೋವಿಯತ್ ಒಕ್ಕೂಟ. ಆಲ್ಬಮ್ಮಿನ ಮೊದಲ ಭಾಗದಲ್ಲಿ ವೃಂದಗಾನದ ನಡುವೆ ಕೇಳುವುದು ಕೆನಡಿಯವರ 1962ರ ಭಾಷಣ. ಅವರ ಹತ್ಯೆಯಾದದ್ದು ತುಂಬಾದ ಉಡಾವಣೆಯ ಮರುದಿನ. ಪಂದ್ಯದ ನಟ್ಟನಡುವೆ ಪಂದ್ಯದ ಎರಡು ಪಕ್ಷಗಳೂ ಒಂದೇ ಕಡೆ ಕೈಜೋಡಿಸಿದ್ದ ಊರಿಗೆ ಈ ಸಂಪಾದನೆಯಲ್ಲಿ ಒಂದು ಸಾಲೂ ಇಲ್ಲ. ಬ್ರಿಟಿಷ್ ತಂಡವೊಂದು ಕೇರಳವನ್ನು ನೆನೆಯಬೇಕಿತ್ತೆಂದು ಹಟ ಹಿಡಿಯುವುದು ಅನ್ಯಾಯವಾದೀತು. ಆದರೆ ನೆನೆಯಲು ಅವಕಾಶವೇ ಇಲ್ಲದಂತೆ ವಸ್ತುವನ್ನು ಕಟ್ಟಿಕೊಳ್ಳಲಾಗಿದೆ ಎಂಬ ಮಾತು ಉಳಿಯುತ್ತದೆ. ತುಂಬಾದ ಕಥನವೂ ನಿಷ್ಕಳಂಕವಲ್ಲ. ಚರ್ಚನ್ನು ವಿಜ್ಞಾನಿಗಳಿಗೆ ಬಿಟ್ಟುಕೊಟ್ಟು ಮೀನುಗಾರ ಕುಟುಂಬಗಳು ಬೇರೆಡೆಗೆ ಹೋದವು. ರಾಕೆಟ್ಟಿನ ಮೂತಿಯನ್ನು ಸೈಕಲ್ಲಿನ ಮೇಲೆ ಸಾಗಿಸುವ, ಕಾರ್ಟಿಯೆ-ಬ್ರೆಸೋ 1966ರಲ್ಲಿ ತೆಗೆದ ಚಿತ್ರ ಲೋಕಪ್ರಸಿದ್ಧ. ಜಾಗ ಬಿಟ್ಟವರ ಮಾತಿಗೆ ಅಂಥ ಪ್ರಸಿದ್ಧಿಯಿಲ್ಲ.

ಈ ಕಥನಕ್ಕೆ ಗಿಟಾರು ಒಗ್ಗೀತೆ ಎಂಬ ಶಂಕೆಗೆ ಉತ್ತರ ಕೊಚ್ಚಿಯಲ್ಲೇ ಇದೆ. ಅಲ್ಲಿನ ಮದರ್‌ಜೇನ್ ತಂಡದ ‘ಮಕ್ತೂಬ್’ (2008) ಆಲ್ಬಮ್ಮಿನಲ್ಲಿ ಬೈಜು ಧರ್ಮಜನ್‌ರ ಗಿಟಾರು ಕರ್ನಾಟಕ ಸಂಗೀತದ ಗಮಕಗಳನ್ನು ಪರಕೀಯವೆನಿಸದಂತೆ ನುಡಿಸುತ್ತದೆ. ವಾದ್ಯ ಸಿದ್ಧವಿದೆ, ಪಠ್ಯ ಸಿದ್ಧವಾಗಬೇಕು. 1963ರ ಆ ಸಂಜೆ ಕೇರಳದ ಕರಾವಳಿಯ ಮೇಲೆ ಹರಡಿದ ಸೋಡಿಯಂ ಆವಿಯ ಕಿತ್ತಳೆ ಮೋಡವನ್ನು ಬಾಲ್ಯದಲ್ಲಿ ಕಂಡವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಮಾತನ್ನು, ಅವರದೇ ಮಲಯಾಳಂನಲ್ಲಿ, ಮೊದಲು ಧ್ವನಿಮುದ್ರಿಸಿಕೊಳ್ಳಬೇಕಾಗಿದೆ.