ಹಾಜರಿ ಪುಸ್ತಕದಲ್ಲಿ ಇಲ್ಲದ ಕಾಲಂ

ಹಾಜರಿ, ಗೈರುಹಾಜರಿ ಎಂಬ ಮಾತುಗಳು ನಮ್ಮ ಕೇರಿಗೆ ಮೊದಲು ಬಂದದ್ದು ಶಾಲೆಯಿಂದಲ್ಲ. ಕಚೇರಿಯಿಂದ, ಪೊಲೀಸ್ ಠಾಣೆಯಿಂದ. ನಮ್ಮ ಹಿರೀಕರಿಗೆ ಹಾಜರಾಗುವುದೆಂದರೆ ಗೌಡನ ಜಗಲಿ ಮುಂದೆ ಕೈಕಟ್ಟಿ ನಿಲ್ಲುವುದು. ಅದೇ ಮಾತನ್ನು ಶಾಲೆಯ ರಿಜಿಸ್ಟರಿನ ನೆತ್ತಿ ಮೇಲೆ ಬರೆದು, ಮಗು ಬಾರದಿದ್ದರೆ ಹೆತ್ತವರನ್ನು ಕೇಳುತ್ತಾರೆ. ಈ ಭಾಷೆಯನ್ನು ಬಿಡಿಸಿ ನೋಡಬೇಕು.

ಈ ಜನಕ್ಕೆ ವಿದ್ಯೆಯ ಬೆಲೆ ಗೊತ್ತಿಲ್ಲ ಅನ್ನೋದು ಹಳೇ ರಾಗ. ಚರಿತ್ರೆ ಬೇರೆಯೇ ಹೇಳುತ್ತದೆ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಹೋದ ಒಬ್ಬ ಮಹಾರ್ ಹುಡುಗನನ್ನು ಬಾಗಿಲಲ್ಲೇ ತಡೆದರು. ಅವನು ಸುಮ್ಮನಿರಲಿಲ್ಲ, ಮುಂಬಯಿ ಸರ್ಕಾರಕ್ಕೇ ಅರ್ಜಿ ಹಾಕಿದ. ನ್ಯಾಯ ಅವನ ಕಡೆಗಿದೆ ಎಂದು ಸರ್ಕಾರ ಒಪ್ಪಿತು. ಆದರೆ ಒಬ್ಬನಿಗಾಗಿ ತಲೆತಲಾಂತರದ ಪೂರ್ವಗ್ರಹಕ್ಕೆ ಕೈಹಾಕಿದರೆ ವಿದ್ಯಾಪ್ರಸಾರಕ್ಕೇ ಪೆಟ್ಟು ಎಂದು ಅವನನ್ನು ಹೊರಗೇ ನಿಲ್ಲಿಸಿತು. 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರ್ ಈ ಪ್ರಕರಣವನ್ನು ಎತ್ತಿ ತೋರಿಸಿದರು. ಆ ಹುಡುಗನ ಗೈರುಹಾಜರಿಯನ್ನು ಯಾರ ಲೆಕ್ಕಕ್ಕೆ ಬರೆಯೋಣ?

ಈಗಿನ ಕಾನೂನನ್ನೂ ಓದೋಣ. 2002ರ 86ನೇ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಮಗುವಿಗೆ ಓದುವ ಅವಕಾಶ ಕೊಡುವುದು ತಂದೆತಾಯಿಯ ಕರ್ತವ್ಯ ಎಂದೂ ಸೇರಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ 'ಕಡ್ಡಾಯ' ಎಂಬ ಪದಕ್ಕೆ ವಿವರಣೆಯೇ ಇದೆ: ದಾಖಲಾತಿ, ಹಾಜರಾತಿ, ಓದು ಮುಗಿಸುವುದು, ಇಷ್ಟನ್ನೂ ಖಾತ್ರಿ ಮಾಡುವ ಸರ್ಕಾರದ ಹೊಣೆ. ಅಂದರೆ ಕಡ್ಡಾಯ ಇರುವುದು ಸರ್ಕಾರದ ಮೇಲೆ. ವಿಧಾನಸೌಧದಿಂದ ಹಳ್ಳಿಗೆ ಬರುವಷ್ಟರಲ್ಲಿ ಈ ಪದ ತಿರುಗಿ ಕೂಲಿ ಮಾಡುವ ಅವ್ವನ ಹೆಗಲೇರುತ್ತದೆ.

2013ರಲ್ಲಿ ಕರ್ನಾಟಕ ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡ ಮೇಲೆ, ಮಗುವನ್ನು 'ಶಾಲೆಯಿಂದ ಹೊರಗುಳಿದದ್ದು' ಎಂದು ಎಣಿಸಲು ಬೇಕಾದ ಗೈರುಹಾಜರಿ 60 ದಿನದಿಂದ 7 ದಿನಕ್ಕಿಳಿಯಿತು. ಒಳ್ಳೆಯದೇ. ಮಗು ಕಾಣೆಯಾದದ್ದು ಬೇಗ ಗೊತ್ತಾಗಬೇಕು. ಆದರೆ ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಸಂಸಾರ ಮಗುವನ್ನು ಊರಲ್ಲಿ ಯಾರ ಮಡಿಲಲ್ಲಿ ಹಾಕಿ ಹೋಗಬೇಕು? ದಿನ ಎಣಿಸುವುದು ಸುಲಭ. ಊರಲ್ಲಿ ಕೂಲಿ ಕೊಡುವುದು, ಹೋದಲ್ಲಿ ಶಾಲೆ ಕೊಡುವುದು ಕಷ್ಟ.

ಇನ್ನೊಂದು ಕೈ ನೋಡಿ. 2016ರಲ್ಲಿ ಬಾಲಕಾರ್ಮಿಕ ಕಾಯಿದೆಗೆ ಆದ ತಿದ್ದುಪಡಿ, ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಮಗು ಕುಟುಂಬದ ಕಸುಬಿಗೆ ನೆರವಾಗಬಹುದು ಎಂದಿತು. ಅಪಾಯದ ಕೆಲಸ ಕೂಡದು ಎಂಬ ಷರತ್ತೂ ಇದೆ. ಇರಲಿ. ಆದರೆ ಈ ದೇಶದಲ್ಲಿ ಕುಟುಂಬದ ಕಸುಬೆಂದರೆ ಬಹುಪಾಲು ಜಾತಿಯ ಕಸುಬು. ಅಪ್ಪನ ಚಮ್ಮಟಿಗೆ ಮಗನ ಕೈಗೆ ಬರಲಿ ಎಂಬ ವರ್ಣಾಶ್ರಮದ ಮಾತನ್ನೇ ಗೆಜೆಟ್ಟಿನ ಭಾಷೆಯಲ್ಲಿ ಮೆತ್ತಗೆ ಹೇಳಿದ ಹಾಗಾಯಿತು. ರಾತ್ರಿಯೆಲ್ಲಾ ದುಡಿದ ಮಗು ಬೆಳಗ್ಗೆ ತರಗತಿಯಲ್ಲಿ ತೂಕಡಿಸಿದರೆ ಅದು ಹಾಜರಿಯೋ, ಗೈರೋ?

ಇನ್ನು ಪೋಷಕರ ಹಕ್ಕು. ಆ ಮಾತನ್ನು ಗಟ್ಟಿಯಾಗಿ ಆಡುವವರು ಯಾರು? ಕೋಲಾರ ಜಿಲ್ಲೆಯ ಕಗ್ಗನಹಳ್ಳಿ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ ದಲಿತ ಹೆಂಗಸು ಎಂದು ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದ ಸುದ್ದಿ 2015ರಲ್ಲಿ ಪತ್ರಿಕೆಗಳಲ್ಲಿ ಬಂತು. ಅವರ ಮಕ್ಕಳು ಬಿಟ್ಟರೆ ಅದು ಟಿ.ಸಿ., ನಮ್ಮ ಮಕ್ಕಳು ಬಿಟ್ಟರೆ ಅದು ಗೈರುಹಾಜರಿ. ಅವರದು ಆಯ್ಕೆ, ನಮ್ಮದು ಅಪರಾಧ. 1856ರ ಧಾರವಾಡದ ಭಯವೇ ಇಲ್ಲೂ ಕೂತಿದೆ: ಮೇಲಿನವರು ಎದ್ದು ಹೋದರೆ ಶಾಲೆ ಬರಿದಾದೀತು!

ಗೆಳೆಯರೇ, ಮಗುವನ್ನು ಶಾಲೆಗೆ ಕಳಿಸಬೇಡಿ ಎಂದು ಹೇಳುವ ದ್ರೋಹ ನಮ್ಮದಲ್ಲ. ಮನೆಗೆ ಮೊದಲ ಡಿಗ್ರಿ ತಂದವನು ನಾನು, ಅಕ್ಷರದ ಹಸಿವು ಗೊತ್ತು. 2009ರ ಕಾಯಿದೆ ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸೌಲಭ್ಯವಂಚಿತರ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು ಎನ್ನುತ್ತದೆ. ನಮ್ಮ ಅವ್ವಂದಿರು ಅಲ್ಲಿ ಹೆಬ್ಬೆಟ್ಟೊತ್ತಿ ಎದ್ದು ಬರಬಾರದು. ಹಾಜರಿ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ, 'ಯಾಕೆ ಬರಲಿಲ್ಲ' ಅಂತ ಬರೆಯಿರಿ ಎಂದು ಕೂತು ಕೇಳಬೇಕು. ಆ ಕಾಲಂ ತುಂಬಿದ ದಿನ ನಿಜವಾಗಿ ಗೈರಾದವರು ಯಾರೆಂದು ಊರಿಗೇ ತಿಳಿಯುತ್ತದೆ.